ಓಯಸಿಸ್ ಪ್ರಯೋಗ

ನಿದ್ರಾಹೀನತೆಗೆ ಚಿಕಿತ್ಸೆ ಕೊಟ್ಟರೆ ಮಾನಸಿಕ ತೊಂದರೆಗಳೂ ತಗ್ಗುತ್ತವೆಯೇ ಎಂದು ತಿಳಿಯಲು ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಲ್ಲಿ ನಡೆಸಿದ ಅಧ್ಯಯನ. ಆಕ್ಸ್‌ಫರ್ಡ್‌ನ ಮನಶ್ಶಾಸ್ತ್ರಜ್ಞ ಡೇನಿಯಲ್ ಫ್ರೀಮನ್ ಇದರ ನೇತೃತ್ವ ವಹಿಸಿದ್ದರು. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಿದ್ದೆಗೇಡನ್ನು ಮನೋರೋಗದ ಪರಿಣಾಮವೆಂದೇ ಬಹುಕಾಲ ಎಣಿಸಲಾಗಿತ್ತು. ಅದು ಕಾರಣವೂ ಆಗಿರಬಹುದೆಂಬ ಊಹೆಯನ್ನು ಒರೆಗೆ ಹಚ್ಚಲು ನಿದ್ದೆಯೊಂದನ್ನೇ ಸರಿಪಡಿಸಿ ನೋಡಬೇಕಿತ್ತು. ನಿದ್ದೆ ಬಾರದೆ ಬಳಲುತ್ತಿದ್ದ 3,755 ವಿದ್ಯಾರ್ಥಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, 1,891 ಮಂದಿಗೆ ‘ಸ್ಲೀಪಿಯೋ’ ಎಂಬ ಆನ್‌ಲೈನ್ ಅರಿವು-ವರ್ತನಾ ಚಿಕಿತ್ಸೆಯನ್ನು ಒದಗಿಸಲಾಯಿತು. ಅದರಲ್ಲಿ ಆರು ಪಾಠಗಳು. ಹೇಳಿಕೊಡುವವನು ‘ಪ್ರೊಫೆಸರ್’ ಎಂಬ ಕಾರ್ಟೂನು ಪಾತ್ರ. ನಿದ್ದೆಯ ದಿನಚರಿ ಬರೆಯುವುದು, ಹಾಸಿಗೆಯನ್ನು ಓದಿಗೋ ಮೊಬೈಲಿಗೋ ಬಳಸದಿರುವುದು, ನಿದ್ದೆ ಹತ್ತದಿದ್ದರೆ ಹೊರಳಾಡುತ್ತ ಮಲಗಿರದೆ ಎದ್ದುಬಿಡುವುದು ಇಂಥ ಚಿಕಿತ್ಸೆಯ ಮುಖ್ಯ ಸೂತ್ರಗಳು.

ಹತ್ತು ವಾರಗಳ ಬಳಿಕ ಈ ಗುಂಪಿನಲ್ಲಿ ನಿದ್ರಾಹೀನತೆ ಗಣನೀಯವಾಗಿ ಇಳಿದಿತ್ತು. ಇತರರು ತನಗೆ ಕೇಡು ಬಗೆಯುತ್ತಿದ್ದಾರೆಂಬ ಅತಿಶಂಕೆಯೂ ಇಲ್ಲದ್ದನ್ನು ಕಾಣುವ, ಕೇಳುವ ಭ್ರಮೆಗಳೂ ಕಡಿಮೆಯಾಗಿದ್ದವು, ಆದರೆ ಅಲ್ಪಪ್ರಮಾಣದಲ್ಲಿ. ಶಂಕೆಯಲ್ಲಿ ಕಂಡ ಇಳಿಕೆಯ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ನಿದ್ದೆಯ ಸುಧಾರಣೆಯೇ ಕಾರಣವೆಂದು ಸಂಶೋಧಕರು ಲೆಕ್ಕ ಹಾಕಿದರು. ಖಿನ್ನತೆ, ಆತಂಕಗಳೂ ತಗ್ಗಿದ್ದವು.

ಬಹಳ ಮಂದಿ ನಡುವೆಯೇ ಬಿಟ್ಟುಹೋದದ್ದು ಅಧ್ಯಯನದ ದೊಡ್ಡ ಕೊರತೆ. ಸಂಶೋಧಕರಲ್ಲೊಬ್ಬರಾದ ಕಾಲಿನ್ ಎಸ್ಪಿ ಸ್ಲೀಪಿಯೋದ ಸಹಸಂಸ್ಥಾಪಕರೂ ಹೌದೆಂಬುದನ್ನು ಫಲಿತಾಂಶ ಓದುವಾಗ ಗಮನದಲ್ಲಿಡಬೇಕು. ಭಾಗವಹಿಸಿದವರು ಸಾಮಾನ್ಯ ವಿದ್ಯಾರ್ಥಿಗಳಾದ್ದರಿಂದ, ತೀವ್ರ ಮನೋರೋಗಿಗಳಿಗೂ ಇದೇ ಮಾತು ಅನ್ವಯಿಸುತ್ತದೆಂದು ಇದೊಂದರಿಂದಲೇ ಹೇಳಲಾಗದು.