ಟಾಕಿಕಾರ್ಡಿಯಾ: ಹೃದಯದ ಅತಿವೇಗದ ಬಡಿತವನ್ನು ಅರಿತ ಬಗೆ

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ 100ಕ್ಕಿಂತ ಹೆಚ್ಚು ಸಲ ಬಡಿದರೆ ಅದು ಟಾಕಿಕಾರ್ಡಿಯಾ. ಜ್ವರದಲ್ಲೋ ರಕ್ತಹೀನತೆಯಲ್ಲೋ ಬಡಿತ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ; ಅದರಲ್ಲಿ ಒಗಟೇನಿಲ್ಲ. ವೈದ್ಯರನ್ನು ಕಾಡಿದ್ದು ಕೂತಲ್ಲೇ ಥಟ್ಟನೆ 180ಕ್ಕೋ 200ಕ್ಕೋ ಜಿಗಿದು, ಅಷ್ಟೇ ಥಟ್ಟನೆ ನಿಂತುಬಿಡುವ ಬಡಿತ. 1889ರಲ್ಲಿ ಫ್ರಾನ್ಸಿನ ಬುವೆರೆ ಇದನ್ನು ಬೇರೆಯೇ ಕಾಯಿಲೆಯೆಂದು ವಿವರಿಸಿದರು. ಮುಂದಿನ ಕಥೆಯನ್ನು ಸಾಮಾನ್ಯವಾಗಿ ಹೃದಯದ ವಿದ್ಯುತ್ತನ್ನು ದಾಖಲಿಸುವ ಐಂಥೋವನ್ನರ ಇಸಿಜಿ ಯಂತ್ರದ ಗೆಲುವೆಂದೇ ಹೇಳುವುದುಂಟು. ಅದು ಅರ್ಧ ಸತ್ಯ. 1930ರಲ್ಲಿ ವೈದ್ಯರಾದ ವುಲ್ಫ್, ಪಾರ್ಕಿನ್ಸನ್ ಮತ್ತು ವೈಟ್ ಇಂಥ ಬಡಿತಕ್ಕೆ ಒಳಗಾಗುತ್ತಿದ್ದ 11 ರೋಗಿಗಳ ಇಸಿಜಿ ಪ್ರಕಟಿಸಿದರು: ಹೃತ್ಕರ್ಣದ ಅಲೆಗೂ ಹೃತ್ಕುಕ್ಷಿಯ ಅಲೆಗೂ ನಡುವಿನ ಪಿ-ಆರ್ ಅಂತರ ಮೊಟಕು, ಅದರ ಬೆನ್ನಿಗೇ ಅಗಲವಾದ ಅಲೆ. ಹೃತ್ಕರ್ಣದಿಂದ ಹೃತ್ಕುಕ್ಷಿಗೆ ವಿದ್ಯುತ್ತು ಒಳದಾರಿ ಹಿಡಿದು ಬೇಗ ಇಳಿದದ್ದರ ಗುರುತು ಅದು. ಅವರು ಮಾತ್ರ ಅದನ್ನು ವಹನತಂತುವಿನ ಅಡಚಣೆ ಎಂದು ಓದಿದರು.

ವಿವರಣೆ ಅದಾಗಲೇ ಬೇರೆಡೆ ಸಿದ್ಧವಾಗಿತ್ತು. ಶರೀರಕ್ರಿಯಾ ವಿಜ್ಞಾನಿ ಜಾರ್ಜ್ ಮೈನ್ಸ್ ಪ್ರಾಣಿಗಳ ಹೃದಯದಿಂದ ಸ್ನಾಯುವಿನ ಉಂಗುರ ಕತ್ತರಿಸಿ, ಒಮ್ಮೆ ಎಬ್ಬಿಸಿದ ಪ್ರಚೋದನೆ ಅದರಲ್ಲಿ ಸುತ್ತುತ್ತಲೇ ಇರುವುದನ್ನು ಕಂಡಿದ್ದರು. ಒಂದು ಕಡೆ ಕೊಯ್ದರೆ ಸುತ್ತು ನಿಲ್ಲಬೇಕು. ಇದೇ ಅವರು ಕೊಟ್ಟ ಪರೀಕ್ಷೆ. ಸಂಶೋಧಕ ಕೆಂಟ್ 1893ರಲ್ಲಿ ವರ್ಣಿಸಿದ್ದ, ಹೃತ್ಕರ್ಣವನ್ನೂ ಹೃತ್ಕುಕ್ಷಿಯನ್ನೂ ಜೋಡಿಸುವ ಸ್ನಾಯುಸೇತುವೆಯ ಮೂಲಕ ಮನುಷ್ಯರಲ್ಲೂ ಇಂಥ ಸುತ್ತು ಹುಟ್ಟಬಹುದೆಂದು 1914ರಲ್ಲಿ ಸೂಚಿಸಿ, ಅದೇ ವರ್ಷ 28ರ ಹರೆಯದಲ್ಲಿ ತೀರಿಕೊಂಡರು. ಸೇತುವೆಗೂ ಆ ಇಸಿಜಿಗೂ ನಂಟು ಕಲ್ಪಿಸಲು ವುಲ್ಫರ್ತ್ ಮತ್ತು ವುಡ್ 1933ರಲ್ಲಿ ಬರಬೇಕಾಯಿತು. ಕೊಯ್ದು ನೋಡುವ ಪರೀಕ್ಷೆಯಂತೂ 1968ರವರೆಗೆ ಕಾಯಿತು: ಅಮೆರಿಕದ ಡ್ಯೂಕ್‌ನಲ್ಲಿ ಶಸ್ತ್ರವೈದ್ಯ ವಿಲ್ ಸೀಲಿ ಮೀನುಗಾರನೊಬ್ಬನ ಹೃದಯದಲ್ಲಿ ಆ ಸೇತುವೆಯನ್ನು ತುಂಡರಿಸಿದರು; ಬಡಿತದ ಕಾಟ ನಿಂತಿತು. 1991ರಲ್ಲಿ ಜಾಕ್ಮನ್ ತಂಡ ಎದೆ ತೆರೆಯದೆ, ರಕ್ತನಾಳದ ಮೂಲಕ ಹಾಯಿಸಿದ ಕ್ಯಾತಿಟರ್ ನಳಿಕೆಯ ತುದಿಯ ಶಾಖದಿಂದಲೇ 166 ಮಂದಿಯಲ್ಲಿ 164 ಮಂದಿಗೆ ಇದನ್ನು ಸಾಧಿಸಿತು.

ಕೊಯ್ದಾಗ ನಿಂತಿತೆಂದ ಮಾತ್ರಕ್ಕೆ ಸುತ್ತು ಇತ್ತೆನ್ನಲಾಗದು, ಅಲ್ಲೇ ಮಿಡಿಯುವ ಹುಚ್ಚು ಬಿಂದುವೊಂದು ನಾಶವಾಗಿರಬಹುದು ಎಂದು ಆಕ್ಷೇಪಿಸಬಹುದು. ಆದರೆ ಸೇತುವೆಯಿಂದ ದೂರದಲ್ಲಿರುವ, ಹೃತ್ಕರ್ಣದಿಂದ ಹೃತ್ಕುಕ್ಷಿಗೆ ವಿದ್ಯುತ್ತಿನ ಸಹಜ ದಾರಿಯೂ ಸುತ್ತಿನ ಇನ್ನೊಂದು ತೋಳೂ ಆದ ಎವಿ ನೋಡನ್ನು ಅಡಿನೋಸಿನ್ ಚುಚ್ಚುಮದ್ದು ಕೆಲವು ಕ್ಷಣ ತಡೆದರೂ ಬಡಿತ ನಿಲ್ಲುತ್ತದೆ. ಬಿಂದುವೇ ಮೂಲವಾಗಿದ್ದರೆ ನೋಡಿನ ತಡೆ ಅದಕ್ಕೆ ತಟ್ಟುತ್ತಲೇ ಇರಲಿಲ್ಲ. 1967ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಡುರರ್ ತಂಡ, ಹೊತ್ತು ನೋಡಿ ಕೊಟ್ಟ ವಿದ್ಯುತ್ ಮಿಡಿತದಿಂದ ಈ ವೇಗವನ್ನು ಬೇಕೆಂದಾಗ ಎಬ್ಬಿಸಿ, ಬೇಕೆಂದಾಗ ನಿಲ್ಲಿಸಿಯೂ ತೋರಿಸಿತ್ತು. ಎಲ್ಲ ಟಾಕಿಕಾರ್ಡಿಯಾವೂ ಸುತ್ತಲ್ಲ ಎಂಬ ಇನ್ನೊಂದು ಆಕ್ಷೇಪ ಮಾತ್ರ ನಿಜ. ಹೃತ್ಕರ್ಣದ ಕಂಪನವನ್ನು ಹಲವು ವೇಳೆ ಎಬ್ಬಿಸುವುದು ಶ್ವಾಸಕೋಶದ ಅಭಿಧಮನಿಗಳೊಳಗಿನ ಬಿಂದುಗಳೆಂದು ಬೋರ್ಡೋದ ಐಸಗೆರ್ 1998ರಲ್ಲಿ ತೋರಿಸಿದರು. ಅಲ್ಲಿಯೂ ಚಿಕಿತ್ಸೆ ಆ ಅಭಿಧಮನಿಗಳ ಬಾಯಿಯ ಸುತ್ತ ಸುಟ್ಟು, ವಿದ್ಯುತ್ತಿನ ದಾರಿ ಕಡಿಯುವುದೇ.