ದೈತ್ಯನ ಹಿಮ್ಮಡಿ ಮತ್ತು ಅಪರಿಚಿತರ ಚೀಟಿಗಳು

ಬಾಸ್ ಅಂದ ಕೂಡಲೇ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗೋದು ಆಫೀಸಿನ ಗಾಜಿನ ಕ್ಯಾಬಿನ್ನು. ಆ ಬಾಸನ್ನು ಮಣಿಸೋ ಉಪಾಯ ಸಿಗುತ್ತೆ ಅಂತ ಇಲ್ಲಿಗೆ ಬಂದಿದ್ದರೆ ಕ್ಷಮಿಸಿ, ಅದು ನನ್ನ ಕೈಲಾಗದ ಕೆಲಸ :-) ನಾನು ಹೇಳಹೊರಟಿರೋದು ವಿಡಿಯೋ ಗೇಮ್‌ಗಳ ಬಾಸ್ ಬಗ್ಗೆ. ಅದರಲ್ಲೂ ಕತ್ತಿ, ಮಂತ್ರ, ಕೋಟೆ, ಡ್ರ್ಯಾಗನ್‌ಗಳ ಲೋಕದಲ್ಲಿ ನಡೆಯುವ ಆಕ್ಷನ್ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ದಾರಿಗೆ ಅಡ್ಡ ನಿಲ್ಲುವ ದೈತ್ಯನ ಬಗ್ಗೆ. ನೀವು ಅವನ ಮೊಣಕಾಲಿಗೂ ಬರಲ್ಲ. ಅವನ ಒಂದೇಟು ಬಿದ್ದರೆ ನಿಮ್ಮ ಕತೆ ಮುಗೀತು. ನಿಮ್ಮ ಹತ್ತೇಟು ಬಿದ್ದರೂ ಅವನಿಗೆ ಸೊಳ್ಳೆ ಕಚ್ಚಿದ ಹಾಗೆ. ಆದರೆ ಅವನನ್ನು ಕೆಡವದೆ ಮುಂದಿನ ಬಾಗಿಲು ತೆರೆಯೋದಿಲ್ಲ.

"ಮಕ್ಕಳಾಟದಲ್ಲಿ ಇತಿಹಾಸ ಏನು ಬಂತು ಮಾರಾಯ?" ಅಂತ ಹುಬ್ಬೇರಿಸಬೇಡಿ. ಈ ದೈತ್ಯನಿಗೆ ಐವತ್ತು ವರ್ಷದ ಇತಿಹಾಸ ಇದೆ. ಯಾವ ಆಟ ಯಾವಾಗ ಬಂತು ಅನ್ನೋದನ್ನು ಎಲ್ಲರೂ ಬರೀತಾರೆ. ನನ್ನನ್ನು ಕಾಡಿದ ಪ್ರಶ್ನೆ ಬೇರೆ: ದೈತ್ಯನನ್ನು ಕೆಡವುವ ಉಪಾಯ ಆಟಗಾರನಿಗೆ ಎಲ್ಲಿಂದ ಬಂತು? ಅವನಿಗೆ ಹೇಳಿಕೊಟ್ಟವರು ಯಾರು?

ಶುರುವಿನಲ್ಲಿ ಉತ್ತರ ಸರಳವಾಗಿತ್ತು. ಲೆಕ್ಕ ಹೇಳಿಕೊಡುತ್ತಿತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಕಲಿಸೋದಕ್ಕೆ ಅಂತ ಪ್ಲೇಟೋ ಹೆಸರಿನ ಕಂಪ್ಯೂಟರ್ ವ್ಯವಸ್ಥೆ ಕಟ್ಟಿದ್ದರು. 1975ರ ಹೊತ್ತಿಗೆ ಗ್ಯಾರಿ ವಿಸನ್‌ಹಂಟ್ ಮತ್ತು ರೇ ವುಡ್ ಎಂಬಿಬ್ಬರು ಅದರ ಮೇಲೆ 'ಡಿಎನ್‌ಡಿ' ಅನ್ನುವ ಆಟ ಬರೆದರು. ನೆಲಮಾಳಿಗೆಯ ಆಳದಲ್ಲಿ ಒಂದು ಮಾಯಾಗೋಳ, ಅದನ್ನು ಕಾಯುವ ಬಂಗಾರದ ಡ್ರ್ಯಾಗನ್. ವಿಡಿಯೋ ಗೇಮ್‌ಗಳ ಮೊದಲ ಬಾಸ್ ಅಂತ ಹಲವರು ಹೆಸರಿಸೋದು ಈ ಡ್ರ್ಯಾಗನ್ನನ್ನೇ. ಅದನ್ನು ಗೆಲ್ಲೋ ದಾರಿ ಅಂದರೆ ಮೊದಲು ಸಣ್ಣಪುಟ್ಟ ಶತ್ರುಗಳನ್ನು ಹೊಡೆದು ನಿಮ್ಮ ಅಂಕಿ ಬೆಳೆಸಿಕೊಳ್ಳೋದು. ನಿಮ್ಮ ಅಂಕಿ ದೊಡ್ಡದಾದರೆ ನೀವು ಗೆದ್ದಿರಿ, ಅದರದು ದೊಡ್ಡದಾದರೆ ಅದು ಗೆದ್ದಿತು.

1984ರಲ್ಲಿ ಜಪಾನಿನ ನಿಹೋನ್ ಫಾಲ್ಕಮ್ ಕಂಪನಿಯಿಂದ ಯೋಶಿಯೋ ಕಿಯಾ 'ಡ್ರ್ಯಾಗನ್ ಸ್ಲೇಯರ್' ತಂದಾಗಲೂ ತತ್ವ ಅದೇ. ಶಕ್ತಿಯ ಕಲ್ಲುಗಳನ್ನು ಹುಡುಕಿ, ಮನೆಗೆ ಹೊತ್ತು ತಂದು, ಬಲ ಹೆಚ್ಚಿಸಿಕೊಂಡು ಕೊನೆಗೆ ಡ್ರ್ಯಾಗನ್ ಮೇಲೆ ಬೀಳಬೇಕು. ನಮ್ಮ ಗರಡಿಮನೆ ಸಾಧನೆಯ ಹಾಗೆ. ದಿನಾ ಸಾಮು ಮಾಡು, ಹಬ್ಬದ ದಿನ ಕುಸ್ತಿಗೆ ಇಳಿ. ಇದಕ್ಕೆ ತಾಳ್ಮೆ ಬೇಕು, ಗುಟ್ಟೇನೂ ಬೇಕಿಲ್ಲ.

ಗುಟ್ಟು ಬಂದದ್ದೂ ಅದೇ 1984ರಲ್ಲಿ. ನಾಮ್ಕೋ ಕಂಪನಿಯ ಮಸನೋಬು ಎಂಡೋ 'ಟವರ್ ಆಫ್ ಡ್ರುವಾಗಾ' ಎಂಬ ಆಟ ತಂದರು, ಕಾಸು ಹಾಕಿ ಆಡುವ ದೊಡ್ಡ ಪೆಟ್ಟಿಗೆಯಲ್ಲಿ. ಅರವತ್ತು ಮಹಡಿಯ ಗೋಪುರ, ಮೇಲೆ ಹಲವು ಕೈಗಳ ರಾಕ್ಷಸ ಡ್ರುವಾಗಾ. ಹೆಚ್ಚುಕಮ್ಮಿ ಪ್ರತಿ ಮಹಡಿಯಲ್ಲೂ ಒಂದು ಅಡಗಿದ ನಿಧಿ. ಅದು ಕಾಣಿಸಿಕೊಳ್ಳಬೇಕಾದರೆ ನೀವು ಏನೋ ಒಂದು ಮಾಡಬೇಕು. ಏನು ಮಾಡಬೇಕು ಅಂತ ಆಟ ಬಾಯಿ ಬಿಡೋದಿಲ್ಲ! ಮೊದಲ ಮಹಡಿಯಲ್ಲಿ ಮೂರು ಹಸಿರು ಲೋಳೆಭೂತಗಳನ್ನು ಕೊಂದರೆ ಗೋಡೆ ಒಡೆಯುವ ಗುದ್ದಲಿ ಸಿಗುತ್ತೆ. ಅದೇನೋ ಸುಲಭ. ಮೇಲೆ ಹೋದಂತೆ ಷರತ್ತುಗಳು ಎಷ್ಟು ವಿಚಿತ್ರ ಅಂದರೆ ಒಬ್ಬನೇ ಕೂತು ಜನ್ಮವಿಡೀ ಆಡಿದರೂ ಹೊಳೆಯೋದು ಕಷ್ಟ. ಮುಖ್ಯವಾದ ನಿಧಿ ತಪ್ಪಿಸಿಕೊಂಡರಂತೂ ಡ್ರುವಾಗಾನ ಕೊನೆ ಕಾಣೋ ಮಾತೇ ಇಲ್ಲ.

ಹಾಗಾದರೆ ಜನ ಗೆದ್ದದ್ದು ಹೇಗೆ? ಜಪಾನಿನ ಗೇಮ್ ಸೆಂಟರ್‌ಗಳಲ್ಲಿ ಆಟಗಾರರು ನೋಟ್‌ಬುಕ್ ಇಟ್ಟುಕೊಂಡು, ತಾವು ಕಂಡುಕೊಂಡದ್ದನ್ನು ಅದರಲ್ಲಿ ಬರೆದಿಡತೊಡಗಿದರು. ಇವತ್ತು ಒಬ್ಬ ಒಂದು ಮಹಡಿಯ ಗುಟ್ಟು ಬರೆದು ಹೋದ. ನಾಳೆ ಇನ್ನೊಬ್ಬ ಅದನ್ನು ಓದಿ ಅಲ್ಲಿಂದ ಒಂದು ಮಹಡಿ ಮೇಲೆ ಹತ್ತಿ, ತನ್ನ ಪಾಲಿನ ಸಾಲು ಸೇರಿಸಿದ. ಬರೆದವನ ಮುಖ ಓದಿದವನು ನೋಡಿರಲಿಕ್ಕಿಲ್ಲ. ಖರ್ಚಾದ ಕಾಸು ಮಾತ್ರ ಎಲ್ಲರ ಜೇಬಿನದು. ಯೋಚಿಸಿ ನೋಡಿ, ರಾಕ್ಷಸನನ್ನು ಕೊಂದ ಆಯುಧ ಒಂದು ಎಕ್ಸರ್‌ಸೈಜ್ ಪುಸ್ತಕ!

ಇದನ್ನು ಓದುವಾಗ ನನಗೆ ಜರಾಸಂಧ ನೆನಪಾಗುತ್ತಾನೆ. ಭೀಮ ಎಷ್ಟು ಸಲ ಸೀಳಿ ಹಾಕಿದರೂ ಆ ಎರಡು ಹೋಳು ಮತ್ತೆ ಕೂಡಿಕೊಂಡು ಎದ್ದು ನಿಲ್ಲುತ್ತಿದ್ದವು ಅಂತ ಅಜ್ಜಿ ಹೇಳುತ್ತಿದ್ದ ಕತೆ ನಿಮಗೂ ಗೊತ್ತಿರುತ್ತೆ. ಭೀಮನ ತೋಳಿನಲ್ಲಿ ಬಲಕ್ಕೇನು ಕೊರತೆ? ಕೊರತೆ ಇದ್ದದ್ದು ಸುಳಿವಿಗೆ. ಪಕ್ಕದಲ್ಲಿ ನಿಂತಿದ್ದ ಕೃಷ್ಣ ಒಂದು ಕಡ್ಡಿ ಸೀಳಿ, ಹೋಳುಗಳನ್ನು ಅದಲು ಬದಲು ಮಾಡಿ ಎಸೆದು ತೋರಿಸಿದ. ಒಂದು ಮಾತೂ ಆಡಲಿಲ್ಲ. ಭೀಮನಿಗೆ ಅಷ್ಟು ಸಾಕಾಯಿತು. ಡ್ರುವಾಗಾ ಪುಸ್ತಕದಲ್ಲಿ ಬರೆದ ಪ್ರತಿಯೊಬ್ಬನೂ ಹಾಗೆ ಕಡ್ಡಿ ಸೀಳಿ ತೋರಿಸಿದವನೇ.

2005ರಲ್ಲಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿದ ಆಟ ಒಂದು ಬಂತು. ಫುಮಿಟೋ ಉಯೆಡಾ ಅವರ 'ಶ್ಯಾಡೋ ಆಫ್ ದ ಕೊಲೋಸಸ್'. ಇದನ್ನು ರೋಲ್ ಪ್ಲೇಯಿಂಗ್ ಗೇಮ್ ಅನ್ನೋದಿಲ್ಲ, ಆದರೆ ದೈತ್ಯರ ಮಾತು ಬಂದಾಗ ಬಿಟ್ಟು ಮುಂದೆ ಹೋಗೋ ಹಾಗಿಲ್ಲ. ಇಡೀ ಆಟದಲ್ಲಿ ಕೊಲ್ಲಬೇಕಾದವರು ಹದಿನಾರೇ ದೈತ್ಯರು. ಮಧ್ಯೆ ಚಿಲ್ಲರೆ ಶತ್ರುಗಳಿಲ್ಲ. ಹಾಗಾಗಿ ಸಾಮು ಮಾಡಿ ಅಂಕಿ ಬೆಳೆಸೋ ಆಟ ಇಲ್ಲಿ ನಡೆಯಲ್ಲ. ಕತ್ತಿಯನ್ನು ಬಿಸಿಲಿಗೆ ಹಿಡಿದರೆ ಅದರ ಬೆಳಕು ದೈತ್ಯನ ಮರ್ಮಸ್ಥಾನ ತೋರಿಸುತ್ತೆ. ಅಲ್ಲಿಗೆ ಹತ್ತೋದು ಹೇಗೆ ಅನ್ನೋದನ್ನು ಅವನ ಮೈಯನ್ನೇ ಓದಿ ತಿಳಿಯಬೇಕು. ಮೂರನೆಯ ದೈತ್ಯನ ಮಣಿಕಟ್ಟಿಗೆ ಕವಚ ಇದೆ. ನೀವು ನೆಲದ ಗಟ್ಟಿ ಚಪ್ಪಡಿಯ ಮೇಲೆ ನಿಂತು ಅವನನ್ನು ಕೆಣಕಬೇಕು. ಅವನು ಬೀಸಿದ ಕತ್ತಿ ಚಪ್ಪಡಿಗೆ ಬಡಿದ ರಭಸಕ್ಕೆ ಕವಚ ಒಡೆಯುತ್ತೆ. ಆಮೇಲೆ ಅವನ ಕತ್ತಿಯೇ ನಿಮಗೆ ಏಣಿ. ಅಂದರೆ ದೈತ್ಯನ ಬಲವನ್ನೇ ದೈತ್ಯನ ವಿರುದ್ಧ ತಿರುಗಿಸೋದು. ಸುಳಿವು ಕೊಟ್ಟವರು ಯಾರು? ದೈತ್ಯನೇ!

ಆದರೆ ಅಷ್ಟು ಹತ್ತಿರದಿಂದ ಒಬ್ಬನನ್ನು ಓದಿದ ಮೇಲೆ ಕೊಲ್ಲೋದು ಕಷ್ಟ. ಹದಿಮೂರನೆಯವನು ಮರಳುಗಾಡಿನ ಮೇಲೆ ಹಾರಾಡುವ ಉದ್ದನೆಯ ಜೀವಿ. ಅದು ನಿಮ್ಮ ಮೇಲೆ ಒಮ್ಮೆಯೂ ದಾಳಿ ಮಾಡೋದಿಲ್ಲ. ನೀವೇ ಬಾಣ ಬಿಟ್ಟು ಅದರ ಹೊಟ್ಟೆಯ ಗಾಳಿಚೀಲ ಒಡೆದು, ಅದು ಕೆಳಗಿಳಿದಾಗ ಕುದುರೆ ಓಡಿಸಿ, ರೆಕ್ಕೆಗೆ ಹಾರಿ ಹಿಡಿದುಕೊಳ್ಳಬೇಕು. ಉಪಾಯ ಫಲಿಸಿದಾಗ ಖುಷಿಗಿಂತ ಹೆಚ್ಚು ಸಂಕಟ ಆಗುತ್ತೆ. ನಾನು ಆಡಿದ ಆಟಗಳಲ್ಲಿ ಗೆದ್ದ ಮೇಲೆ ಸುಮ್ಮನೆ ಕೂತುಬಿಟ್ಟದ್ದು ಅದೊಂದರಲ್ಲೇ.

ಇನ್ನು ಶೀರ್ಷಿಕೆಯ ಹಿಮ್ಮಡಿಗೆ ಬರೋಣ. 2009ರ ಫೆಬ್ರವರಿಯಲ್ಲಿ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯ 'ಡೆಮನ್ಸ್ ಸೋಲ್ಸ್' ಬಂತು. ನಿರ್ದೇಶಕ ಹಿದೆತಾಕಾ ಮಿಯಾಜಾಕಿ. ಅದರಲ್ಲಿ ಟವರ್ ನೈಟ್ ಅಂತ ಒಬ್ಬ ಬರ್ತಾನೆ. ಬೆಟ್ಟದಂಥ ಲೋಹದ ಮನುಷ್ಯ, ಒಂದು ಕೈಯಲ್ಲಿ ಕೋಟೆ ಬಾಗಿಲಿನಷ್ಟು ಗುರಾಣಿ, ಇನ್ನೊಂದರಲ್ಲಿ ಭಾರಿ ಭರ್ಜಿ. ಸುತ್ತಲ ಗೋಡೆಯ ಮೇಲೆ ಬಾಣ ಬಿಡುವವರು ಬೇರೆ. ಅನುಭವಸ್ಥರ ಕ್ರಮ ಹೀಗಿದೆ. ಮೊದಲು ಮೆಟ್ಟಿಲು ಹತ್ತಿ ಗೋಡೆ ಮೇಲಿನವರನ್ನು ಮುಗಿಸಿ. ದೈತ್ಯನ ಜೊತೆ ಕಾದಾಡುವಾಗ ಬೆನ್ನಿಗೆ ಬಾಣ ಬೀಳಬಾರದು. ಆಮೇಲೆ ಕೆಳಗಿಳಿದು ಅವನ ಕಾಲ ಸಂದಿಗೆ ನುಗ್ಗಿ. ದೂರದಲ್ಲಿ ನಿಂತರೆ ಕ್ಷೇಮ ಅಂತ ನಮ್ಮ ಮನಸ್ಸು ಹೇಳುತ್ತೆ, ಆದರೆ ಉದ್ದ ಭರ್ಜಿ ಇರುವವನ ಮುಂದೆ ದೂರವೇ ಅಪಾಯ. ಅವನ ಬುಡದಲ್ಲಿ ನಿಂತು ಹಿಮ್ಮಡಿಗೆ ಹೊಡೆಯುತ್ತಾ ಇದ್ದರೆ ಕಾಲು ಸೋತು ದೊಪ್ಪನೆ ಬೀಳುತ್ತಾನೆ. ಅಷ್ಟು ಹೊತ್ತು ಆಕಾಶದಲ್ಲಿದ್ದ ತಲೆ ಈಗ ನಿಮ್ಮ ಕತ್ತಿಗೆ ಸಿಗುತ್ತೆ. ಒಂದೇ ತೊಂದರೆ, ಬುಡದಲ್ಲಿ ನಿಂತಾಗ ಮೇಲೆ ಅವನ ಕೈ ಏನು ಮಾಡ್ತಿದೆ ಅಂತ ಕಾಣಲ್ಲ. ಅವನ ಕಾಲಿನ ಚಲನೆ ನೋಡಿಯೇ ಅಂದಾಜು ಮಾಡಬೇಕು.

ಇದನ್ನು ನಾನಾಗಿ ಕಂಡುಹಿಡಿಯಲಿಲ್ಲ. ಡೆಮನ್ಸ್ ಸೋಲ್ಸ್‌ನಲ್ಲಿ ಬೇರೆ ಬೇರೆ ಊರಿನ ಆಟಗಾರರು ನೆಲದ ಮೇಲೆ ಚೀಟಿಯ ಹಾಗೆ ಸಂದೇಶ ಬಿಟ್ಟು ಹೋಗಬಹುದು. ಮನಸ್ಸಿಗೆ ಬಂದದ್ದು ಬರೆಯೋ ಹಾಗಿಲ್ಲ, ಸಿದ್ಧ ಪದಗಳನ್ನು ಜೋಡಿಸಬೇಕು. ಅವು ನಿಮ್ಮ ಲೋಕದಲ್ಲಿ ಹೊಳೆಯುತ್ತಾ ಬಿದ್ದಿರುತ್ತವೆ. ಸತ್ತವರ ರಕ್ತದ ಕಲೆ ಮುಟ್ಟಿದರೆ ಅವರ ಕೊನೆಯ ಕ್ಷಣಗಳು ನೆರಳಿನಂತೆ ಕಾಣುತ್ತವೆ. ಬೇಕಿದ್ದರೆ ಇನ್ನೊಬ್ಬ ಆಟಗಾರನನ್ನೇ ಸಹಾಯಕ್ಕೆ ಕರೆಯಬಹುದು. ಡ್ರುವಾಗಾ ಕಾಲದ ನೋಟ್‌ಬುಕ್ ಈಗ ಆಟದ ಒಳಗೇ ಬಂದು ಕೂತಿತ್ತು.

ಈ ಯೋಚನೆ ಹೇಗೆ ಬಂತು ಅಂತ ಮಿಯಾಜಾಕಿ ಸಂದರ್ಶನವೊಂದರಲ್ಲಿ ಹೇಳಿದ್ದರು. ಹಿಮ ಬಿದ್ದ ಏರುದಾರಿಯಲ್ಲಿ ಕಾರುಗಳೆಲ್ಲ ಜಾರಿ ನಿಂತುಬಿಟ್ಟವಂತೆ. ಆಗ ಹಿಂದಿನ ಕಾರು ಮುಂದಿನದನ್ನು ಮೆಲ್ಲಗೆ ತಳ್ಳಿ, ಹಾಗೇ ಒಂದೊಂದಾಗಿ ಎಲ್ಲ ಮೇಲೆ ಹತ್ತಿದವಂತೆ. ಇವರದೂ ಹತ್ತಿತು. ನಿಂತು ಥ್ಯಾಂಕ್ಸ್ ಹೇಳೋಣ ಅಂದರೆ ಮತ್ತೆ ಸಿಕ್ಕಿಹಾಕಿಕೊಳ್ಳೋ ಭಯ. ಹೇಳದೆಯೇ ಹೊರಟುಬಂದರು. ಆ ಸಾಲಿನ ಕಟ್ಟಕಡೆಯ ಕಾರಿನವನು ಮನೆ ಸೇರಿದನೋ ಇಲ್ಲವೋ ಅನ್ನೋ ಯೋಚನೆ ಮಾತ್ರ ಅವರನ್ನು ಬಿಡಲಿಲ್ಲವಂತೆ.

ಇನ್ನೊಂದು ಸೊಗಸು ಕೇಳಿ. ನೀವು ಬಿಟ್ಟ ಸಂದೇಶವನ್ನು ಯಾರಾದರೂ ಮೆಚ್ಚಿ ಗುರುತು ಹಾಕಿದರೆ, ಅದೇ ಕ್ಷಣಕ್ಕೆ ನಿಮ್ಮ ಪಾತ್ರದ ಗಾಯ ವಾಸಿಯಾಗುತ್ತೆ! ನೀವೆಲ್ಲೋ ದೈತ್ಯನ ಕೈಲಿ ಸಾಯೋ ಹಂತದಲ್ಲಿರ್ತೀರಿ, ಇದ್ದಕ್ಕಿದ್ದಂತೆ ಜೀವ ತುಂಬಿಕೊಳ್ಳುತ್ತೆ. ವಾರಗಟ್ಟಲೆ ಖಾಲಿ ಬಿದ್ದಿದ್ದ ಬ್ಲಾಗಿಗೆ ಗುರುತಿಲ್ಲದ ಯಾರೋ ಒಂದು ಕಾಮೆಂಟ್ ಹಾಕಿದಾಗ ನಮಗೆ ಆಗುತ್ತಲ್ಲ, ಹಾಗೇ :-) ಹಾಗಂತ ಎಲ್ಲರೂ ಧರ್ಮರಾಯರಲ್ಲ. ಪ್ರಪಾತದ ಅಂಚಿನಲ್ಲಿ "ಹಾರಿ ನೋಡು" ಅಂತ ಬರೆದಿಟ್ಟು ನಗೋ ಕಿಡಿಗೇಡಿಗಳೂ ಇದ್ದಾರೆ.

ಇದೇ ಮಿಯಾಜಾಕಿಯ 'ಎಲ್ಡನ್ ರಿಂಗ್' 2022ರ ಫೆಬ್ರವರಿ 25ರಂದು ಬಂತು. ಅದರ ರಾಡಾನ್ ಎಂಬ ದೈತ್ಯ ಸೇನಾನಿಯ ಕತೆ ಕೇಳಿದರೆ ಕಣ್ಣು ತೇವ ಆಗುತ್ತೆ. ಮೈ ಬೆಳೆದು ಬೆಟ್ಟವಾದರೂ ತನ್ನ ಬಡಕಲು ಕುದುರೆಯನ್ನು ಬಿಡಲಾರದೆ, ಅದಕ್ಕೆ ಭಾರವಾಗದಂತೆ ಗುರುತ್ವದ ವಿದ್ಯೆ ಕಲಿತವನು. ಈಗ ಕೆಂಪು ಕೊಳೆರೋಗ ತಗುಲಿ, ಬುದ್ಧಿ ಕಳೆದುಕೊಂಡು, ಮರಳುಗಾಡಿನಲ್ಲಿ ಹೆಣ ತಿನ್ನುತ್ತಾ ಅಲೆಯುತ್ತಿದ್ದಾನೆ. ಅವನಿಗೊಂದು ವೀರಮರಣ ಕೊಡಲು ಕೋಟೆಯವರು ಉತ್ಸವವನ್ನೇ ಏರ್ಪಡಿಸಿದ್ದಾರೆ. ಇಲ್ಲಿ ಒಂಟಿಯಾಗಿ ಹೋಗಬೇಡ ಅಂತ ಆಟವೇ ಹೇಳುತ್ತೆ. ದೂರದಿಂದ ಅವನು ಬಿಡುವ ಬಾಣಗಳನ್ನು ತಪ್ಪಿಸಿಕೊಳ್ಳುತ್ತಾ ಕುದುರೆ ಮೇಲೆ ಮುಂದೆ ಸಾಗಿ. ಮರಳಿನ ಮೇಲೆ ಹೊಳೆಯುವ ಗುರುತುಗಳನ್ನು ಮುಟ್ಟಿ ಜೊತೆಗಾರರನ್ನು ಕರೆಯಿರಿ. ಅವನು ಅವರತ್ತ ತಿರುಗಿದಾಗ ನೀವು ಹಿಂದಿನಿಂದ ಹೊಡೆಯಿರಿ. ಜೊತೆಗಾರರು ಬಿದ್ದರೆ ಗುರುತುಗಳು ಮತ್ತೆ ಮೂಡುತ್ತವೆ, ಮತ್ತೆ ಕರೆಯಿರಿ. ಅವನ ಅರ್ಧ ಜೀವ ಹೋದಾಗ ಆಕಾಶಕ್ಕೆ ನೆಗೆದು ಉಲ್ಕೆಯಂತೆ ಬಂದು ಅಪ್ಪಳಿಸುತ್ತಾನೆ. ಆಗ ಶೌರ್ಯ ಬೇಡ, ಕುದುರೆ ಹತ್ತಿ ದೂರ ಓಡಿ. ಪ್ಯಾಚಸ್ ಅನ್ನೋ ಪುಣ್ಯಾತ್ಮನನ್ನು ಕರೆದರೆ ಬಂದ ಹಾಗೇ ವಾಪಸ್ ಹೊರಟುಬಿಡ್ತಾನೆ. ಇಂಥವನೊಬ್ಬ ಎಲ್ಲ ಗುಂಪಿನಲ್ಲೂ ಇರ್ತಾನಲ್ಲ!

ಅಂದ ಹಾಗೆ, ಈ ಆಟದಲ್ಲಿ ಜಪಾನಿನವನು ಜೋಡಿಸಿದ ಸಂದೇಶ ನಿಮ್ಮ ಆಟದ ಭಾಷೆಯಲ್ಲೇ ಕಾಣುತ್ತೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ. ಹಿಮ್ಮಡಿಗೆ ಹೊಡಿ ಅಂತ ನಮ್ಮ ಭಾಷೆಯಲ್ಲಿ ಬರೆದಿಡಬೇಕಾದರೆ ನಾವು ಇಂಥ ಪುಟಗಳಲ್ಲೇ ಬರೆಯಬೇಕು.

ಈಗ ನನ್ನ ಆತಂಕ ಹೇಳಿಬಿಡ್ತೀನಿ. ಡೆಮನ್ಸ್ ಸೋಲ್ಸ್‌ನ ಅಧಿಕೃತ ಸರ್ವರ್‌ಗಳು 2018ರ ಫೆಬ್ರವರಿ 28ರಂದು ಮುಚ್ಚಿದವು. 2020ರಲ್ಲಿ ಹೊಸ ರೂಪದ ಆಟ ಬಂತು ನಿಜ. ಆದರೆ ಹಳೆಯ ಆಟದಲ್ಲಿ ಒಂಬತ್ತು ವರ್ಷ ಜನ ಬಿಟ್ಟಿದ್ದ ಚೀಟಿಗಳು ನೆಲದಿಂದ ಮಾಯವಾದವು. ಟವರ್ ನೈಟ್ ಇವತ್ತೂ ಅಲ್ಲೇ ನಿಂತಿದ್ದಾನೆ, ಹಿಮ್ಮಡಿಯೂ ಅಲ್ಲೇ ಇದೆ. ಹೇಳಿಕೊಟ್ಟವರ ಸಾಲುಗಳು ಮಾತ್ರ ಇಲ್ಲ. ದೈತ್ಯರನ್ನು ಕಟ್ಟಿದವರ ಹೆಸರು ಇತಿಹಾಸದಲ್ಲಿ ಉಳಿಯುತ್ತೆ. ಕೆಡವೋದು ಹೇಗೆ ಅಂತ ಬರೆದಿಟ್ಟವರ ಹೆಸರು ಉಳಿಯೋದು ಅಪರೂಪ. ಗೇಮ್ ಸೆಂಟರಿನ ಪುಸ್ತಕ ರದ್ದಿಗೆ ಹೋಗಬಹುದು, ಬಿಟ್ಟಿ ಜಾಗದಲ್ಲಿ ಬರೆಯುವ ನಮ್ಮಂಥವರ ಪುಟಗಳೂ ಒಂದು ಬೆಳಿಗ್ಗೆ ತೆರೆಯದೇ ಹೋಗಬಹುದು.

ಆದ್ದರಿಂದ ಒಂದು ಕೋರಿಕೆ. ನೀವು ಯಾವ ಆಟದ್ದೇ ಆಗಲಿ, ಒಬ್ಬ ದೈತ್ಯನನ್ನು ಕೆಡವಿದ್ದರೆ ಅದು ಹೇಗೆ ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡಿ. ಬರೆದದ್ದರ ಒಂದು ಪ್ರತಿ ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ. ಏರುದಾರಿಯ ಸಾಲಿನಲ್ಲಿ ಕಟ್ಟಕಡೆಯ ಕಾರು ಇನ್ನೂ ಹತ್ತಬೇಕಿದೆ.