ಮಿಸ್ಸಿಂಗ್ ಹಿಡಿಯುವ ವಿದ್ಯೆ

ಅಂಬಾಸಿಡರ್ ಕಾಲದಲ್ಲಿ ಎಂಜಿನ್ ಮಿಸ್ ಹೊಡೆದರೆ, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿದ್ದರೆ, ನಮಗೆ ಕಿವಿಯೇ ಮೀಟರು. ನಾನು ಕೆಲಸ ಕಲಿತದ್ದು ಬೆಂಗಳೂರಿನ ಜೆ.ಸಿ. ರಸ್ತೆಯ ಪಕ್ಕದ ಗ್ಯಾರೇಜಿನಲ್ಲಿ. ಮೇಸ್ತ್ರಿ ಗಾಡಿ ಸ್ಟಾರ್ಟ್ ಮಾಡಿಟ್ಟು ಪ್ಲಗ್ ವೈರುಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಕಿತ್ತಾಗ ಎಂಜಿನ್ ಇನ್ನಷ್ಟು ತಡವರಿಸಿದರೆ ಆ ಸಿಲಿಂಡರ್ ಸರಿಯಿದೆ. ವ್ಯತ್ಯಾಸವೇ ಆಗದಿದ್ದರೆ ಕಳ್ಳ ಅಲ್ಲೇ. ಪ್ಲಗ್ ಬಿಚ್ಚಿದರೆ ಅರ್ಧ ರೋಗ ತಿಳಿಯುತ್ತಿತ್ತು: ಒಣ ಮಸಿಯಿದ್ದರೆ ಕಾರ್ಬುರೇಟರ್ ಪೆಟ್ರೋಲ್ ಜಾಸ್ತಿ ಕೊಡುತ್ತಿದೆ, ಎಣ್ಣೆ ಜಿಡ್ಡಿದ್ದರೆ ರಿಂಗ್ ಸವೆದಿದೆ. ನಾಲ್ಕು ಸಿಲಿಂಡರೂ ಮಿಸ್ಸಾದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟನ್ನು ಉಪ್ಪುಕಾಗದದಲ್ಲಿ ಉಜ್ಜಿ, ಫೀಲರ್ ಗೇಜಿನಿಂದ 15 ಥೌ (ಇಂಚಿನ ಸಾವಿರದ ಹದಿನೈದು ಭಾಗ) ಗ್ಯಾಪ್ ಇಡುವುದು.

2000ದ ಹೊತ್ತಿಗೆ ಹೊಗೆಯ ನಿಯಮ ಬಿಗಿಯಾಯಿತು. ಕಾರ್ಬುರೇಟರ್ ಹೋಗಿ ಇಂಜೆಕ್ಟರ್ ಬಂತು. 2013ರಿಂದ ಗಾಡಿಯೇ ತನ್ನ ದೋಷವನ್ನು ಕೋಡಿನಲ್ಲಿ ಹೇಳುವ ಒಬಿಡಿ-2 ಕಡ್ಡಾಯ. ಈಗ ಸ್ಕ್ಯಾನರ್ ಚುಚ್ಚಿದರೆ ಪಿ0302 ಎನ್ನುತ್ತದೆ, ಅಂದರೆ ಎರಡನೇ ಸಿಲಿಂಡರ್. ಆದರೆ ಕಾರಣ ಹೇಳುವುದಿಲ್ಲ. ಎರಡನೇ ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲನ್ನು ಮೂರನೆಯದಕ್ಕೆ ಹಾಕುತ್ತೇವೆ; ಕೋಡ್ ಪಿ0303 ಆದರೆ ಕಾಯಿಲೇ ಹೋಗಿದೆ. ಆಗದಿದ್ದರೆ ಪ್ಲಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಹಳೇ ವಿದ್ಯೆಯೇ, ಉಪಕರಣ ಮಾತ್ರ ಹೊಸದು.

ಒಂದು ಮಾತು: ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಉರಿದು ಅದನ್ನೇ ಸುಡುತ್ತದೆ. ಪ್ಲಗ್ಗಿನ ಖರ್ಚಿನಲ್ಲಿ ಮುಗಿಯುವುದು ಸಾವಿರಾರು ರೂಪಾಯಿಗೆ ಏರುತ್ತದೆ.